ಟರ್ಮಿನಲ್ ಓದಲು ಕಣ್ಣಿಗೆ ಕಷ್ಟವಾದಾಗ: ಬಣ್ಣ, ಫಾಂಟ್ ಹೊಂದಿಸಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಮಿನಲ್‌ನ, ಅಂದರೆ ಆದೇಶಗಳನ್ನು ಟೈಪಿಸಿ ಕಂಪ್ಯೂಟರ್ ನಡೆಸುವ ವಿಂಡೋದ, ಕಪ್ಪು ಪರದೆಯ ಮೇಲೆ ಕಡುನೀಲಿ ಅಕ್ಷರ ಬಂದಾಗಲೆಲ್ಲ ಮೂಗು ತಾಗುವಷ್ಟು ಮುಂದಕ್ಕೆ ಬಾಗುವವರು, ಸಂಜೆಯ ಹೊತ್ತಿಗೆ ಕಣ್ಣುರಿ ತಾಳಲಾರದೆ ಕೆಲಸ ನಿಲ್ಲಿಸುವವರು, ಈ ಸಾಲು ಕೆಂಪೋ ಹಸಿರೋ ಎಂದು ಪಕ್ಕದವರನ್ನು ಕೇಳಬೇಕಾದವರು ನನ್ನ ಮುಂದಿಟ್ಟ ಪ್ರಶ್ನೆಗಳು ಇಲ್ಲಿವೆ. ನನಗೆ ಮೊದಲಿನಿಂದಲೂ ಆಸ್ಟಿಗ್ಮ್ಯಾಟಿಸಂ (ಕಣ್ಣಿನ ಆಕಾರದ ದೋಷದಿಂದ ನೋಟ ಮಸುಕಾಗುವುದು) ಇದೆ, ಈಗ ಚಾಳೀಸೂ ಸೇರಿಕೊಂಡಿದೆ. ಹಾಗಾಗಿ ಇಲ್ಲಿರುವ ಹೆಚ್ಚಿನ ಸಲಹೆಗಳು ನಾನೇ ಮಾಡಿ ನೋಡಿದವು.

ಮೊದಲು ಏನನ್ನು ಬದಲಿಸಬೇಕು, ಬಣ್ಣವನ್ನೋ ಅಕ್ಷರದ ಗಾತ್ರವನ್ನೋ?

ಗಾತ್ರವನ್ನು. ಅದಕ್ಕೆ ಸೆಟ್ಟಿಂಗ್ಸ್ ತೆರೆಯುವ ಅಗತ್ಯವೂ ಇಲ್ಲ. ಲಿನಕ್ಸ್ ಮತ್ತು ವಿಂಡೋಸ್‌ನ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಕಂಟ್ರೋಲ್ ಕೀಲಿ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಕೆಲವು ಟರ್ಮಿನಲ್‌ಗಳು ಜೊತೆಗೆ ಶಿಫ್ಟ್ ಕೀಲಿಯನ್ನೂ ಕೇಳುತ್ತವೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀಲಿ. ಆದರೆ ಹೀಗೆ ಮಾಡಿದ ಬದಲಾವಣೆ ಸಾಮಾನ್ಯವಾಗಿ ಆ ವಿಂಡೋ ಮುಚ್ಚುವವರೆಗೆ ಮಾತ್ರ. ಯಾವ ಗಾತ್ರ ಹಿತವೆನಿಸಿತೋ ಅದನ್ನು ಟರ್ಮಿನಲ್‌ನ ಪ್ರೊಫೈಲ್‌ನಲ್ಲಿ (ಸೆಟ್ಟಿಂಗ್ಸ್ ಉಳಿಸಿಡುವ ಜಾಗದಲ್ಲಿ) ಬರೆದಿಡಬೇಕು.

ಗಾತ್ರ ಕಂಡುಕೊಳ್ಳುವ ನನ್ನ ಕ್ರಮ ಇದು: ಬೆನ್ನನ್ನು ಕುರ್ಚಿಗೆ ಒರಗಿಸಿ, ನಿತ್ಯ ಕೂರುವ ದೂರದಲ್ಲೇ ಕುಳಿತು, ಪರದೆ ತುಂಬ ಇರುವ ಯಾವುದಾದರೂ ಲಾಗ್ ಕಡತವನ್ನು (ಪ್ರೋಗ್ರಾಂ ತನ್ನ ಕೆಲಸವನ್ನು ದಾಖಲಿಸಿದ ಕಡತವನ್ನು) ಓದಿ. ಹುಬ್ಬು ಗಂಟಿಕ್ಕದೆ ಓದಲು ಸಾಧ್ಯವಾಗುವ ಗಾತ್ರ ಸಿಕ್ಕಿದ ಮೇಲೆ ಇನ್ನೂ ಎರಡು ಪಾಯಿಂಟ್ ಹೆಚ್ಚಿಸಿ. ಬೆಳಿಗ್ಗೆ ಸಲೀಸಾಗಿ ಓದಿದ ಕಣ್ಣು ಸಂಜೆಗೆ ದಣಿದಿರುತ್ತದೆ. ಆ ಎರಡು ಪಾಯಿಂಟ್ ಸಂಜೆಯ ಕಣ್ಣಿಗಾಗಿ.

ಪರದೆಯ ರೆಸಲ್ಯೂಷನ್ ಇಳಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್‌ಸಿಡಿ ಪರದೆ ತನ್ನ ಸಹಜ ರೆಸಲ್ಯೂಷನ್ ಬಿಟ್ಟರೆ ಅಕ್ಷರದ ಅಂಚು ಮಸುಕಾಗುತ್ತದೆ. ಇಡೀ ಪರದೆ ದೊಡ್ಡದಾಗಬೇಕಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಸ್ಕೇಲಿಂಗ್ ಆಯ್ಕೆಯನ್ನು ಬಳಸಿ.

ಅಕ್ಷರ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ?

ಎಲ್ಲರಿಗೂ ಅಲ್ಲ. ಗ್ಲಾಕೋಮಾ ಅಥವಾ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಲ್ಲಿ ದೃಷ್ಟಿಯ ಅಂಚು ಕುಗ್ಗುತ್ತಾ ಬಂದು ಕೊಳವೆಯೊಳಗಿಂದ ನೋಡಿದಂತಾಗಬಹುದು. ಅಂಥವರಿಗೆ ಅಕ್ಷರ ಹಿಗ್ಗಿಸಿದರೆ ಒಂದು ನೋಟಕ್ಕೆ ಸಿಗುವ ಅಕ್ಷರಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ಅವರಿಗೆ ಮಧ್ಯಮ ಗಾತ್ರದ, ಬಲವಾದ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರ) ಇರುವ ಅಕ್ಷರಗಳೇ ಮೇಲು. ವಿಂಡೋವನ್ನು ಕಿರಿದಾಗಿಸಿ ಕಣ್ಣ ಮುಂದೆ ನೇರವಾಗಿ ಇಟ್ಟುಕೊಂಡರೆ ಇನ್ನೂ ಅನುಕೂಲ. ಮ್ಯಾಕ್ಯುಲರ್ ಡಿಜೆನರೇಷನ್‌ನಲ್ಲಿ ಇದಕ್ಕೆ ತದ್ವಿರುದ್ಧ: ದೃಷ್ಟಿಯ ನಟ್ಟನಡುವೆ ಕಲೆ ಬೀಳುವುದರಿಂದ ಗಾತ್ರ ಹೆಚ್ಚಿಸಿದಷ್ಟೂ ಸಹಾಯ. ಒಬ್ಬರಿಗೆ ಹೊಂದಿದ ಸೆಟ್ಟಿಂಗ್ ಅನ್ನು ಇನ್ನೊಬ್ಬರಿಗೆ ಹೇರಬಾರದು ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕಾಗಿಯೇ.

ಗಾತ್ರ ಹೆಚ್ಚಿದಾಗ ಒಂದು ಸಾಲಿನಲ್ಲಿ ಹಿಡಿಸುವ ಅಕ್ಷರಗಳು ಕಡಿಮೆಯಾಗುತ್ತವೆ ಎಂಬುದೂ ನೆನಪಿರಲಿ. ಅನೇಕ ಪ್ರೋಗ್ರಾಂಗಳು 80 ಅಕ್ಷರಗಳ ಅಗಲವಿದೆ ಎಂದು ನಂಬಿಕೊಂಡು ಬರೆದವು. ಅದಕ್ಕಿಂತ ಕಿರಿದಾದರೆ ಕೋಷ್ಟಕಗಳು ಮುರಿದು ಮುಂದಿನ ಸಾಲಿಗೆ ಚೆಲ್ಲುತ್ತವೆ. ಉದ್ದ ಸಾಲುಗಳ ಕಡತ ಓದುವಾಗ, ಕಡತಗಳನ್ನು ಪುಟಪುಟವಾಗಿ ತೋರಿಸುವ ಲೆಸ್ ಪ್ರೋಗ್ರಾಂಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಸಾಲು ಮುರಿಯುವುದಿಲ್ಲ. ಬಾಣದ ಕೀಲಿಗಳಿಂದ ಪಕ್ಕಕ್ಕೆ ಸರಿಯಬಹುದು.

ಡೈರೆಕ್ಟರಿಗಳ (ಫೋಲ್ಡರ್‌ಗಳ) ಹೆಸರು ಕಡುನೀಲಿಯಲ್ಲಿ ಬರುತ್ತದೆ, ಓದಲಾಗುವುದಿಲ್ಲ. ಏನು ಮಾಡಲಿ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮಿಕ್ಕ ಅರ್ಧದಷ್ಟು ತೊಂದರೆಗಳಿಗೆ ನೀವೇ ಪರಿಹಾರ ಕಂಡುಕೊಳ್ಳುತ್ತೀರಿ.

ಡೈರೆಕ್ಟರಿಯ ಹೆಸರನ್ನು ತೋರಿಸುವ ಪ್ರೋಗ್ರಾಂ "ಇಂಥದೇ ನೀಲಿ" ಎಂದು ಹೇಳುವುದಿಲ್ಲ. "4ನೇ ಬಣ್ಣ" ಎಂದಷ್ಟೇ ಹೇಳುತ್ತದೆ. ಟರ್ಮಿನಲ್‌ನಲ್ಲಿ 0ಯಿಂದ 15ರವರೆಗೆ ಹದಿನಾರು ಮೂಲ ಬಣ್ಣಗಳಿವೆ: ಮೊದಲ ಎಂಟು ಸಾಧಾರಣ, ನಂತರದ ಎಂಟು ಅವುಗಳ ಉಜ್ವಲ ರೂಪ. 4ನೇ ಬಣ್ಣ ಎಂದರೆ ನಿಜವಾಗಿ ಯಾವ ನೀಲಿ ಎಂದು ತೀರ್ಮಾನಿಸುವುದು ನಿಮ್ಮ ಟರ್ಮಿನಲ್‌ನ ಪ್ಯಾಲೆಟ್, ಅಂದರೆ ಅದರ ಬಣ್ಣಗಳ ಪಟ್ಟಿ. ಆ ಪ್ಯಾಲೆಟ್ ನಿಮ್ಮ ಕೈಯಲ್ಲಿದೆ. ಅಲ್ಲಿ ಒಮ್ಮೆ ನೀಲಿಯನ್ನು ತಿದ್ದಿದರೆ 4ನೇ ಬಣ್ಣ ಕೇಳುವ ಪ್ರತಿಯೊಂದು ಪ್ರೋಗ್ರಾಂನಲ್ಲೂ ಅದು ತಿದ್ದಿಕೊಳ್ಳುತ್ತದೆ.

ನೀಲಿಯೇ ಏಕೆ ಇಷ್ಟು ಕಾಡುತ್ತದೆ? ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತೀವ್ರತೆಯನ್ನು ಲೆಕ್ಕ ಹಾಕುವಾಗ ಪರದೆಯ ಹಸಿರಿನ ಪಾಲು ಸುಮಾರು ಶೇಕಡಾ 72, ಕೆಂಪಿನ ಪಾಲು 21, ನೀಲಿಯ ಪಾಲು ಬರೀ 7. ಪೂರ್ಣ ಶಕ್ತಿಯಲ್ಲಿ ಉರಿಯುವ ಶುದ್ಧ ನೀಲಿಗೂ ಕಪ್ಪು ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ 2.4 ಮಾತ್ರ (ಗರಿಷ್ಠ 21). ಹಳೆಯ ಪ್ಯಾಲೆಟ್‌ಗಳಲ್ಲಿದ್ದ ಅರ್ಧ ಶಕ್ತಿಯ ಕಡುನೀಲಿಗೆ ಅದು 1.3, ಅಂದರೆ ಕಾಣದಿದ್ದಂತೆಯೇ. ವಿಂಡೋಸ್ ಕನ್ಸೋಲ್‌ನ ಮೂಲ ಬಣ್ಣಗಳನ್ನು 2017ರಲ್ಲಿ ಬದಲಿಸಿದಾಗ ಈ ಕಡುನೀಲಿಯನ್ನು ತಿಳಿಯಾಗಿಸಿದ್ದರು. ಆದ್ದರಿಂದ ತೊಂದರೆ ನಿಮ್ಮ ಕಣ್ಣಿನದಷ್ಟೇ ಅಲ್ಲ, ಆ ಬಣ್ಣದ್ದೂ ಹೌದು.

ಪರಿಹಾರ ಸರಳ. ಟರ್ಮಿನಲ್ ಪ್ರೊಫೈಲ್‌ನ ಬಣ್ಣಗಳ ವಿಭಾಗದಲ್ಲಿ 4ನೇ ಬಣ್ಣಕ್ಕೆ 0ಯಿಂದ 255ರ ಅಳತೆಯಲ್ಲಿ ಕೆಂಪು 102, ಹಸಿರು 170, ನೀಲಿ 255 ಎಂದು ಕೊಡಿ. ಆಗಲೂ ಅದು ನೀಲಿಯೆಂದೇ ಗುರುತಿಗೆ ಸಿಗುತ್ತದೆ, ಆದರೆ ಕಪ್ಪಿನ ಮೇಲೆ ಕಾಂಟ್ರಾಸ್ಟ್ 8.7 ದಾಟುತ್ತದೆ. 12ನೇ ಬಣ್ಣವಾದ ಉಜ್ವಲ ನೀಲಿಯನ್ನು ಇನ್ನಷ್ಟು ತಿಳಿ ಮಾಡಿ. ರಾತ್ರಿ ಹೊತ್ತು ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಬಳಸುವವರು ಒಂದು ಗಮನಿಸಿ: ಅದು ತಗ್ಗಿಸುವುದು ನೀಲಿ ಬೆಳಕನ್ನೇ. ಹಗಲಿನಲ್ಲಿ ಕಷ್ಟಪಟ್ಟು ಕಾಣುತ್ತಿದ್ದ ನೀಲಿ ಅಕ್ಷರ ರಾತ್ರಿ ಪೂರ್ತಿ ಮುಳುಗಿಹೋಗಲು ಅದೇ ಕಾರಣ.

ಪ್ಯಾಲೆಟ್ ತಿದ್ದಿದ ಮೇಲೂ ಕೆಲವು ಪ್ರೋಗ್ರಾಂಗಳ ಬಣ್ಣ ಹಾಗೆಯೇ ಉಳಿದಿದೆ. ಏಕೆ?

ಹದಿನಾರರ ಆಚೆಗೂ ಬಣ್ಣಗಳಿವೆ. 256 ಬಣ್ಣಗಳ ಪಟ್ಟಿಯಲ್ಲಿ ಮೊದಲ 16 ಈ ಮೂಲ ಬಣ್ಣಗಳು, ನಂತರದ 216 ಸಾಮಾನ್ಯವಾಗಿ ಬದಲಾಗದ ಬಣ್ಣಗಳು, ಕೊನೆಯ 24 ಬೂದು ಛಾಯೆಗಳು. ಇವನ್ನೂ ದಾಟಿ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ನೇರವಾಗಿ ಹೆಸರಿಸುವ 24 ಬಿಟ್ ಪದ್ಧತಿಯೂ ಇದೆ. ಪ್ರೋಗ್ರಾಂ ಬರೆದವರು ಇಂಥ ಬಣ್ಣವನ್ನು ಗಟ್ಟಿಯಾಗಿ ಬರೆದಿಟ್ಟರೆ ನಿಮ್ಮ ಪ್ಯಾಲೆಟ್‌ಗೆ ಅಲ್ಲಿ ಮಾತಿಲ್ಲ. ಆ ಪ್ರೋಗ್ರಾಂನ ಥೀಮ್ (ಬಣ್ಣಗಳ ಸಿದ್ಧ ಜೋಡಣೆ) ಅನ್ನೇ ಬದಲಿಸಬೇಕು. ಹದಿನಾರು ಬಣ್ಣಗಳಿಗೆ ಸೀಮಿತವಾದ ಥೀಮ್ ಇದ್ದರೆ ಅದನ್ನೇ ಆರಿಸಿ, ಹಿಡಿತ ನಿಮ್ಮಲ್ಲೇ ಉಳಿಯುತ್ತದೆ. ನೀವೇ ಪ್ರೋಗ್ರಾಂ ಬರೆಯುವವರಾಗಿದ್ದರೆ ನನ್ನದೊಂದು ಬಿನ್ನಹ: ಹದಿನಾರು ಬಣ್ಣಗಳಲ್ಲೇ ಕೆಲಸ ಮುಗಿಸಿ.

ಎಷ್ಟು ಕಾಂಟ್ರಾಸ್ಟ್ ಇದ್ದರೆ ಸಾಕು?

ವೆಬ್ ಪುಟಗಳಿಗಾಗಿ ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಅಳತೆ ಇಲ್ಲಿಯೂ ನೆರವಾಗುತ್ತದೆ. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3, ಇನ್ನೂ ಕಟ್ಟುನಿಟ್ಟಿನ ಮಟ್ಟದಲ್ಲಿ ಸಾಮಾನ್ಯ ಅಕ್ಷರಕ್ಕೆ 7. ಅಚ್ಚ ಬಿಳಿ ಮತ್ತು ಅಚ್ಚ ಕಪ್ಪಿನ ನಡುವೆ 21 ಇರುತ್ತದೆ, ಅದೇ ಗರಿಷ್ಠ. ದೃಷ್ಟಿ ಮಂದವಾಗಿರುವವರು 7ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ. ಟರ್ಮಿನಲ್‌ನ ಹಿನ್ನೆಲೆ ಪಾರದರ್ಶಕವಾಗಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ, ಏಕೆಂದರೆ ಹಿಂದಿನ ಚಿತ್ರ ಬದಲಾದಂತೆ ಕಾಂಟ್ರಾಸ್ಟ್ ಕೂಡ ಬದಲಾಗುತ್ತದೆ. ಪಾರದರ್ಶಕತೆಯನ್ನು ಈಗಲೇ ತೆಗೆದುಹಾಕಿ.

ಕಪ್ಪು ಹಿನ್ನೆಲೆ ಒಳ್ಳೆಯದೋ ಬಿಳಿ ಹಿನ್ನೆಲೆಯೋ?

ಕಪ್ಪೇ ಕಣ್ಣಿಗೆ ತಂಪು ಎಂಬ ಮಾತನ್ನು ನಂಬಿ ನಾನು ವರ್ಷಗಟ್ಟಲೆ ಕಪ್ಪು ಹಿನ್ನೆಲೆಯಲ್ಲೇ ಕೆಲಸ ಮಾಡಿದೆ. ಬಿಳಿ ಅಕ್ಷರಗಳ ಸುತ್ತ ಮಂಜಿನಂಥ ಪ್ರಭೆ ಕಾಣುತ್ತಿತ್ತು. ಕನ್ನಡಕ ಹಳೆಯದಾಯಿತೇನೋ ಎಂದುಕೊಂಡಿದ್ದೆ. ನಿಜವಾದ ಕಾರಣ ಬೇರೆ. ಪರದೆ ಕಪ್ಪಾಗಿದ್ದಾಗ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ಆಗ ಕಣ್ಣಿನ ಆಕಾರದ ದೋಷಗಳು ಎದ್ದು ಕಾಣುತ್ತವೆ. ಹಿನ್ನೆಲೆ ಬೆಳ್ಳಗಿದ್ದಾಗ ಪಾಪೆ ಕಿರಿದಾಗಿ ಅಕ್ಷರದ ಅಂಚು ಚುರುಕಾಗುತ್ತದೆ. ಆಸ್ಟಿಗ್ಮ್ಯಾಟಿಸಂ ಇರುವವರು ಒಂದು ವಾರ ತಿಳಿ ಹಿನ್ನೆಲೆ ಬಳಸಿ ನೋಡಿ ಎಂದು ನಾನು ಒತ್ತಾಯಿಸುವುದು ಇದೇ ಅನುಭವದಿಂದ.

ಆದರೆ ಕಣ್ಣಿನ ಪೊರೆ ಇರುವವರಿಗೆ ಬಿಳಿ ಪರದೆ ಹಿಂಸೆಯಾಗಬಹುದು. ಮಬ್ಬಾದ ಮಸೂರದಲ್ಲಿ ಬೆಳಕು ಚದುರಿ ಇಡೀ ನೋಟವನ್ನು ಬೆಳ್ಳಗೆ ತೊಳೆದುಬಿಡುತ್ತದೆ. ಬೆಳಕನ್ನೇ ಸಹಿಸಲಾಗದವರಿಗೂ, ಮೈಗ್ರೇನ್ ಕಾಡುವ ಅನೇಕರಿಗೂ ಗಾಢ ಹಿನ್ನೆಲೆಯೇ ಲೇಸು.

ಎರಡರಲ್ಲೂ ತುತ್ತತುದಿಗೆ ಹೋಗಬೇಕಿಲ್ಲ. ಗಾಢ ಹಿನ್ನೆಲೆ ಬೇಕೆಂದರೆ ಮೂರೂ ಬಣ್ಣಗಳಿಗೆ 30 ಕೊಟ್ಟು, ಅಕ್ಷರಕ್ಕೆ 220 ಕೊಡಿ. ಕಾಂಟ್ರಾಸ್ಟ್ 12ರ ಆಸುಪಾಸು ಇರುತ್ತದೆ, ಕಣ್ಣು ಕುಕ್ಕುವುದಿಲ್ಲ. ತಿಳಿ ಹಿನ್ನೆಲೆಗೆ ಕೆಂಪು 255, ಹಸಿರು 250, ನೀಲಿ 235 ಕೊಟ್ಟರೆ ಹಳೆಯ ಪುಸ್ತಕದ ಹಾಳೆಯ ಬಣ್ಣ ಬರುತ್ತದೆ. ಅದರ ಮೇಲೆ 40ರ ಗಾಢ ಬೂದು ಅಕ್ಷರ ಚೆನ್ನಾಗಿ ಕೂರುತ್ತದೆ. ತಿಳಿ ಹಿನ್ನೆಲೆಗೆ ಬಂದ ಮೇಲೆ ಹಳದಿಯನ್ನು ತಿದ್ದಲು ಮರೆಯಬೇಡಿ. ಬಿಳಿಯ ಮೇಲೆ ಶುದ್ಧ ಹಳದಿಯ ಕಾಂಟ್ರಾಸ್ಟ್ 1.07, ಎಚ್ಚರಿಕೆಯ ಸಂದೇಶಗಳು ಬರುವುದೋ ಹೆಚ್ಚಾಗಿ ಹಳದಿಯಲ್ಲೇ. ಅದನ್ನು ಗಾಢ ಕಂದು ಬಣ್ಣಕ್ಕೆ ತಿರುಗಿಸಿ.

ನನಗೆ ಕೆಂಪು, ಹಸಿರು ಒಂದೇ ರೀತಿ ಕಾಣುತ್ತವೆ. ಪ್ರೋಗ್ರಾಂನ ಪರೀಕ್ಷೆ ಪಾಸಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ಕೆಂಪು-ಹಸಿರು ವರ್ಣಾಂಧತೆ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲಿ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇಕಡಾ 8ರಷ್ಟು ಜನರಿಗೆ ಇದೆ. ಇದರಲ್ಲಿಯೂ ಪ್ರೋಟಾನೋಪಿಯಾ (ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿಯ ಕೊರತೆ) ಇರುವವರಿಗೆ ಇನ್ನೊಂದು ಕಷ್ಟವಿದೆ: ಅವರಿಗೆ ಕೆಂಪು ಬರೀ ಬೇರೆ ಬಣ್ಣವಾಗಿ ಕಾಣುವುದಿಲ್ಲ, ಬಹಳ ಗಾಢವಾಗಿ, ಕಪ್ಪಿಗೆ ಹತ್ತಿರವಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ದೋಷಸಂದೇಶ ಬಂದರೆ, ಎಲ್ಲಕ್ಕಿಂತ ಮುಖ್ಯವಾದ ಆ ಸಾಲೇ ಅವರ ಕಣ್ಣಿಗೆ ಬೀಳದೆ ಹೋಗಬಹುದು.

ಪ್ಯಾಲೆಟ್‌ನಲ್ಲೇ ಇದನ್ನು ಸರಿಪಡಿಸಬಹುದು. ಜಪಾನಿನ ವಿಜ್ಞಾನಿಗಳಾದ ಮಸಟಾಕ ಒಕಾಬೆ ಮತ್ತು ಕೇಯ್ ಇಟೊ ವರ್ಣಾಂಧರಿಗೂ ಬೇರ್ಪಟ್ಟು ಕಾಣುವ ಬಣ್ಣಗಳ ಗುಂಪೊಂದನ್ನು ರೂಪಿಸಿದ್ದಾರೆ. ಅದರಿಂದ ಎರಡನ್ನು ತೆಗೆದುಕೊಳ್ಳಿ: 1ನೇ ಬಣ್ಣವಾದ ಕೆಂಪಿನ ಜಾಗಕ್ಕೆ ಕಿತ್ತಳೆ, ಅಂದರೆ ಕೆಂಪು 230, ಹಸಿರು 159, ನೀಲಿ 0. 2ನೇ ಬಣ್ಣವಾದ ಹಸಿರಿನ ಜಾಗಕ್ಕೆ ಆಕಾಶನೀಲಿ, ಅಂದರೆ 86, 180, 233. ಆ ಗುಂಪಿನಲ್ಲಿ ಇನ್ನೂ ಗಾಢವಾದ ನೀಲಿಯೊಂದಿದೆ. ಅದು ಕಪ್ಪಿನ ಮೇಲೆ 4.5ನ್ನು ಮುಟ್ಟುವುದಿಲ್ಲ, ಬೇಡ. ಹೀಗೆ ಮಾಡಿದಾಗ 4ನೇ ಬಣ್ಣದ ನೀಲಿಗೂ ಈ ಆಕಾಶನೀಲಿಗೂ ಗೊಂದಲವಾದರೆ 4ನ್ನು ಬಿಳಿಯತ್ತ ಇನ್ನಷ್ಟು ಸರಿಸಿ.

ಬಣ್ಣದ ಜೊತೆಗೆ ಗುರುತೂ ಇರುವ ಸಾಧನಗಳನ್ನೇ ಆರಿಸಿಕೊಳ್ಳಿ. ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ತೋರಿಸುವ ವ್ಯತ್ಯಾಸದಲ್ಲಿ ಸಾಲಿನ ಆರಂಭದಲ್ಲಿ ಕೂಡಿಸು, ಕಳೆ ಚಿಹ್ನೆಗಳಿರುವುದರಿಂದ ಬಣ್ಣವಿಲ್ಲದೆಯೂ ಅರ್ಥವಾಗುತ್ತದೆ. ಪದಗಳ ಮಟ್ಟದ ವ್ಯತ್ಯಾಸವನ್ನು ಬರೀ ಬಣ್ಣದಲ್ಲಿ ನೋಡುವ ಬದಲು ಅದರ ಪ್ಲೇನ್ ರೂಪವನ್ನು ಕೇಳಿ. ಆಗ ತೆಗೆದ ಪದ ಚೌಕ ಆವರಣದಲ್ಲಿ, ಸೇರಿಸಿದ ಪದ ಪುಷ್ಪಾವರಣದಲ್ಲಿ ಬರುತ್ತದೆ.

ಎಲ್ಲರೂ ಹೊಗಳುವ ಥೀಮ್ ಹಾಕಿಕೊಂಡೆ, ಕೆಲವು ಅಕ್ಷರಗಳು ಮಾಯವೇ ಆದವು!

2011ರಲ್ಲಿ ಬಂದ ಸೋಲರೈಸ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಬಹಳ ಯೋಚಿಸಿ ರೂಪಿಸಿದ ಥೀಮ್ ಅದು, ಆದರೆ ಬೇಕೆಂದೇ ಕಾಂಟ್ರಾಸ್ಟ್ ತಗ್ಗಿಸಿದ ಥೀಮ್. ಮಂದದೃಷ್ಟಿಯವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಅದರ ಗಾಢ ರೂಪದಲ್ಲಿ 8ನೇ ಬಣ್ಣವೂ ಹಿನ್ನೆಲೆಯ ಬಣ್ಣವೂ ಒಂದೇ. ಶೆಲ್ ಎಂದರೆ ನೀವು ಟೈಪಿಸಿದ ಆದೇಶವನ್ನು ಓದಿ ನಡೆಸುವ ಪ್ರೋಗ್ರಾಂ; ಅಂಥದ್ದೊಂದಾದ ಜೆಡ್‌ಶೆಲ್‌ನಲ್ಲಿ ಟೈಪಿಸುವಾಗ ಮುಂದಿನ ಪದಗಳನ್ನು ಸೂಚಿಸುವ ಆಟೋಸಜೆಷನ್ಸ್ ಪ್ಲಗಿನ್ ಮೂಲತಃ 8ನೇ ಬಣ್ಣವನ್ನೇ ಬಳಸುತ್ತದೆ. ಎರಡೂ ಸೇರಿದರೆ ಸೂಚನೆ ಬಂದಿರುತ್ತದೆ, ಆದರೆ ಯಾರ ಕಣ್ಣಿಗೂ ಕಾಣುವುದಿಲ್ಲ. 8ನೇ ಬಣ್ಣವನ್ನು ಮಧ್ಯಮ ಬೂದಿಗಿಂತ ತಿಳಿಯಾಗಿಸಿ. ಹಾಗೆಯೇ "ದಪ್ಪ ಅಕ್ಷರವನ್ನು ಉಜ್ವಲ ಬಣ್ಣದಲ್ಲಿ ತೋರಿಸು" ಎಂಬ ಆಯ್ಕೆ ಇದ್ದರೆ ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ. ಮಾಯವಾದ ಅಕ್ಷರಗಳು ಹಲವು ಸಲ ಅಲ್ಲಿಯೇ ಸಿಕ್ಕಿಬಿಡುತ್ತವೆ.

ಒಂದೊಂದೇ ಬಣ್ಣ ತಿದ್ದುವಷ್ಟು ವ್ಯವಧಾನವಿಲ್ಲ. ತಾನಾಗಿಯೇ ಸರಿಯಾಗುವ ಉಪಾಯವಿದೆಯೇ?

ಇದೆ, ಇದು ಹೆಚ್ಚು ಜನರಿಗೆ ತಿಳಿದಿಲ್ಲ ಎಂಬುದೇ ನನ್ನ ಸಂಕಟ. ಮ್ಯಾಕ್‌ನ ಐಟರ್ಮ್2 ಎಂಬ ಟರ್ಮಿನಲ್‌ನಲ್ಲಿ ಪ್ರೊಫೈಲ್‌ನ ಬಣ್ಣಗಳ ಪುಟದಲ್ಲಿ ಕನಿಷ್ಠ ಕಾಂಟ್ರಾಸ್ಟ್ ಎಂಬ ಜಾರುಪಟ್ಟಿ ಇದೆ. ವಿಷುವಲ್ ಸ್ಟುಡಿಯೋ ಕೋಡ್‌ನ ಒಳಗಿನ ಟರ್ಮಿನಲ್‌ನಲ್ಲಿ ಇದೇ ಹೆಸರಿನ ಸೆಟ್ಟಿಂಗ್ ಮೊದಲೇ 4.5ಕ್ಕೆ ಇರುತ್ತದೆ, ಅದನ್ನು 7ಕ್ಕೆ ಏರಿಸಿ. ಗೋಸ್ಟಿ ಎಂಬ ಟರ್ಮಿನಲ್‌ನಲ್ಲಿಯೂ ಇಂಥ ಆಯ್ಕೆಯಿದೆ. ವಿಂಡೋಸ್ ಟರ್ಮಿನಲ್‌ನಲ್ಲಿ ಹಿನ್ನೆಲೆಯಿಂದ ಬೇರ್ಪಟ್ಟು ಕಾಣದ ಅಕ್ಷರಗಳ ಬೆಳಕನ್ನು ತಾನಾಗಿ ಹೊಂದಿಸುವ ಆಯ್ಕೆ ಪ್ರೊಫೈಲ್‌ನ ಅಪಿಯರೆನ್ಸ್ ಪುಟದಲ್ಲಿದೆ. ಇವು ಪ್ರೋಗ್ರಾಂ ಗಟ್ಟಿಯಾಗಿ ಬರೆದಿಟ್ಟ ಬಣ್ಣಗಳನ್ನೂ ತಿದ್ದಬಲ್ಲವು. ಪ್ಯಾಲೆಟ್‌ನ ಕೈಗೆಟುಕದ ಕೆಲಸ ಅದು.

ಯಾವ ಫಾಂಟ್ ಬಳಸಬೇಕು?

ಎಲ್ಲ ಅಕ್ಷರಗಳೂ ಸಮಾನ ಅಗಲ ಇರುವ ಮೋನೋಸ್ಪೇಸ್ ಫಾಂಟ್ ಆಗಿರಲೇಬೇಕು, ಇಲ್ಲವಾದರೆ ಸಾಲುಗಳು ಹೊಂದುವುದಿಲ್ಲ. ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ: ಇಂಗ್ಲಿಷಿನ ಸಣ್ಣ ಎಲ್, ದೊಡ್ಡ ಐ, ಅಂಕಿ 1, ಕಂಬಗೆರೆ, ಇವನ್ನು ಪಕ್ಕಪಕ್ಕದಲ್ಲಿ ಟೈಪಿಸಿ. ನಂತರ ದೊಡ್ಡ ಓ ಮತ್ತು ಸೊನ್ನೆ. ಆಮೇಲೆ ಚುಕ್ಕಿ ಮತ್ತು ಅಲ್ಪವಿರಾಮ, ಅರ್ಧವಿರಾಮ ಮತ್ತು ವಿವರಣ ಚಿಹ್ನೆ. ಎಲ್ಲಿಯಾದರೂ ಕಣ್ಣು ತಡವರಿಸಿದರೆ ಆ ಫಾಂಟ್ ನಿಮ್ಮದಲ್ಲ. ಸೊನ್ನೆಯ ನಡುವೆ ಅಡ್ಡಗೆರೆ ಅಥವಾ ಚುಕ್ಕಿ ಇರಲೇಬೇಕು.

ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ ಮಂದದೃಷ್ಟಿಯವರಿಗಾಗಿಯೇ ಮಾಡಿಸಿದ ಅಟ್ಕಿನ್ಸನ್ ಹೈಪರ್‌ಲೆಜಿಬಲ್ ಫಾಂಟ್‌ಗೆ ಈಗ ಮೋನೋ ರೂಪವೂ ಇದೆ. ಉಚಿತ. ನನ್ನ ಮೊದಲ ಸಲಹೆ ಅದೇ. ಡೇಜಾವು ಸಾನ್ಸ್ ಮೋನೋ, ಹ್ಯಾಕ್, ಜೆಟ್‌ಬ್ರೇನ್ಸ್ ಮೋನೋ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಎಳೆ ತೆಳುವಾದ ಲೈಟ್ ರೂಪಗಳನ್ನು ಬಿಡಿ. ರೆಗ್ಯುಲರ್ ಅಥವಾ ಮೀಡಿಯಂ ತೆಗೆದುಕೊಳ್ಳಿ. ಎಲ್ಲವನ್ನೂ ದಪ್ಪ ಮಾಡಿದರೆ ಅಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಎರಡು ಮೂರು ಚಿಹ್ನೆಗಳನ್ನು ಬೆಸೆದು ಒಂದಾಗಿಸುವ ಲಿಗೇಚರ್‌ಗಳನ್ನೂ ನಿಲ್ಲಿಸಿ. ಸಾಲುಗಳ ನಡುವಿನ ಅಂತರವನ್ನು 1.2ರಷ್ಟಕ್ಕೆ ಏರಿಸಿದರೆ, ಒಂದು ಸಾಲು ಮುಗಿದು ಇನ್ನೊಂದಕ್ಕೆ ಬರುವಾಗ ಕಣ್ಣು ದಾರಿ ತಪ್ಪುವುದಿಲ್ಲ.

ಬಣ್ಣವೇ ಬೇಡ ಎನ್ನುವವರಿಗೆ?

ನೋ ಕಲರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳುವ, ಹೆಸರಿಟ್ಟ ಸೆಟ್ಟಿಂಗ್) ಇದೆ; ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡಿಗೆರೆ ಇಟ್ಟು ಬರೆಯಬೇಕು. ಅದಕ್ಕೆ 1 ಎಂದು ಬೆಲೆ ಕೊಟ್ಟು ಶೆಲ್‌ನ ಆರಂಭಿಕ ಕಡತದಲ್ಲಿ ಸೇರಿಸಿದರೆ, 2017ರಲ್ಲಿ ಮೂಡಿದ ಈ ಒಪ್ಪಂದವನ್ನು ಪಾಲಿಸುವ ಪ್ರೋಗ್ರಾಂಗಳೆಲ್ಲ ಬಣ್ಣವಿಲ್ಲದೆ ಬರೆಯುತ್ತವೆ. ಎಲ್ಲವೂ ಪಾಲಿಸುವುದಿಲ್ಲ. ಪಾಲಿಸದವುಗಳಲ್ಲಿ ಅವುಗಳದೇ ಸೆಟಪ್ ಪುಟದಲ್ಲಿ ಏಕವರ್ಣದ ಆಯ್ಕೆ ಹುಡುಕಬೇಕು.

ಕರ್ಸರ್ ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗಿದೆ.

ತೆಳು ಗೆರೆಯ ಕರ್ಸರ್ ಬಿಟ್ಟು ಅಕ್ಷರದಷ್ಟೇ ದೊಡ್ಡದಾದ ಚೌಕದ ಕರ್ಸರ್ ಆರಿಸಿ, ಪ್ಯಾಲೆಟ್‌ನಲ್ಲಿ ಬೇರೆಲ್ಲೂ ಇಲ್ಲದ ಬಣ್ಣ ಕೊಡಿ. ಮಿನುಗುವಿಕೆ ಕೆಲವರಿಗೆ ಹುಡುಕಲು ನೆರವಾಗುತ್ತದೆ, ಕೆಲವರಿಗೆ ತಲೆನೋವು ತರುತ್ತದೆ. ಪ್ರಾಂಪ್ಟ್‌ನ (ನಿಮ್ಮ ಆದೇಶಕ್ಕಾಗಿ ಕಾಯುವ ಸಾಲಿನ) ಮೊದಲು ಒಂದು ಖಾಲಿ ಸಾಲು ಬರುವಂತೆ ಮಾಡಿಕೊಂಡರೆ ಇನ್ನೂ ಸಲೀಸು.

ಚಿತ್ರಾತ್ಮಕ ಪರದೆಯೇ ಇಲ್ಲದ ಲಿನಕ್ಸ್ ಕನ್ಸೋಲ್‌ನಲ್ಲಿ ಅಕ್ಷರ ಇರುವೆಯಷ್ಟಿದೆ.

ಅಲ್ಲಿ ಕಂಟ್ರೋಲ್-ಪ್ಲಸ್ ನಡೆಯುವುದಿಲ್ಲ. ಲಿನಕ್ಸ್‌ನ ವಿತರಣೆಗಳಾದ (ಸಿದ್ಧ ರೂಪಗಳಾದ) ಡೆಬಿಯನ್, ಉಬುಂಟುಗಳಲ್ಲಿ ಕನ್ಸೋಲ್-ಸೆಟಪ್ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮೂಲಕ ಮತ್ತೆ ಹೊಂದಿಸಿ, ಟರ್ಮಿನಸ್ ಫಾಂಟ್ ಆರಿಸಿ, 16x32 ಗಾತ್ರ ಕೊಡಿ. ಬೇರೆ ವಿತರಣೆಗಳಲ್ಲಿ ಟರ್ಮಿನಸ್ ಪ್ಯಾಕೇಜ್ ಹಾಕಿಕೊಂಡು ಸೆಟ್‌ಫಾಂಟ್ ಆದೇಶ ಬಳಸಬಹುದು. ಈ ಕನ್ಸೋಲ್ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಹಿಡಿದಿಡಬಲ್ಲದು, ಹಾಗಾಗಿ ಕನ್ನಡದ ಒತ್ತಕ್ಷರಗಳನ್ನು ಅಲ್ಲಿ ನಿರೀಕ್ಷಿಸಬೇಡಿ.

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋದರೆ ಈ ಹೊಂದಾಣಿಕೆಗಳು ಉಳಿಯುತ್ತವೆಯೇ?

ಫಾಂಟ್, ಗಾತ್ರ, ಪ್ಯಾಲೆಟ್, ಕನಿಷ್ಠ ಕಾಂಟ್ರಾಸ್ಟ್ ಎಲ್ಲವೂ ನಿಮ್ಮ ಮುಂದಿರುವ ಟರ್ಮಿನಲ್‌ನವು, ಆದ್ದರಿಂದ ಉಳಿಯುತ್ತವೆ. ನೋ ಕಲರ್‌ನಂಥ ವೇರಿಯಬಲ್‌ಗಳು, ಎಡಿಟರ್‌ನ ಥೀಮ್‌ಗಳು ಆ ಸರ್ವರ್‌ನವು. ಅಲ್ಲಿಯೂ ಒಮ್ಮೆ ಬರೆದಿಡಬೇಕು. ಪ್ಯಾಲೆಟ್ ತಿದ್ದುವ ದಾರಿಯನ್ನೇ ನಾನು ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಮಾಡಿದರೂ ಓದುವುದು ಕಷ್ಟವೇ ಆಗಿದ್ದರೆ?

ಪರದೆ ಹಿಗ್ಗಿಸುವ ಸಾಧನ ಬಳಸಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ ಪ್ಲಸ್, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೂಪರ್ (ವಿಂಡೋಸ್ ಕೀಲಿಯೇ), ಆಲ್ಟ್, 8 ಒಟ್ಟಿಗೆ. ಮ್ಯಾಕ್‌ನಲ್ಲಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಝೂಮ್ ಚಾಲೂ ಮಾಡಬೇಕು. ಪರದೆಯನ್ನು ಓದಿ ಹೇಳುವ ಪ್ರೋಗ್ರಾಂಗಳಿಂದ ಓದುವ ಭಾರವನ್ನು ಕಿವಿಗೂ ಹಂಚಬಹುದು: ವಿಂಡೋಸ್‌ನಲ್ಲಿ ಎನ್‌ವಿಡಿಎ, ಗ್ನೋಮ್‌ನಲ್ಲಿ ಓರ್ಕಾ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್. ಬ್ರೈಲ್ ಬಲ್ಲವರಿಗೆ ಲಿನಕ್ಸ್ ಕನ್ಸೋಲ್‌ನಲ್ಲಿ ಬಿಆರ್‌ಎಲ್‌ಟಿಟಿವೈ ಇದೆ. ದೃಷ್ಟಿ ಪೂರ್ತಿ ಹೋದವರಿಗೆ ಮಾತ್ರ ಇವು ಎಂದು ಭಾವಿಸಿ ದೂರ ಇಡಬೇಡಿ. ದಣಿದ ಸಂಜೆಗಳಲ್ಲಿ ಉದ್ದನೆಯ ಲಾಗ್‌ಗಳನ್ನು ನಾನೂ ಕೇಳಿಸಿಕೊಳ್ಳುತ್ತೇನೆ.

ಆದರೆ ನೋಟ ಇದ್ದಕ್ಕಿದ್ದಂತೆ ಬದಲಾಗಿದ್ದರೆ, ನೇರ ಸಾಲುಗಳು ಡೊಂಕಾಗಿ ಕಂಡರೆ, ಮಿಂಚು ಹೊಳೆದಂತಾದರೆ, ಒಂದು ಬದಿಯಿಂದ ಬಟ್ಟೆಯ ತೆರೆ ಇಳಿದಂತೆ ಕತ್ತಲೆ ಕವಿದರೆ ಸೆಟ್ಟಿಂಗ್ಸ್ ತಿದ್ದುತ್ತಾ ಕೂರಬೇಡಿ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

ಹೊಸ ಕಂಪ್ಯೂಟರ್ ಬಂದಾಗ ಮತ್ತೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೇ?

ಬೇಕಿಲ್ಲ. ಟರ್ಮಿನಲ್‌ನ ಸೆಟ್ಟಿಂಗ್ಸ್ ಕಡತ, ಶೆಲ್‌ನ ಆರಂಭಿಕ ಕಡತ, ಎಡಿಟರ್‌ನ ಕಡತ, ಇವುಗಳ ಪ್ರತಿಯನ್ನು ಒಂದು ಕಡೆ ಇಟ್ಟುಕೊಳ್ಳಿ. ಹದಿನಾರು ಬಣ್ಣಗಳ ಸಂಖ್ಯೆಗಳನ್ನು ಕಾಗದದ ಮೇಲೂ ದೊಡ್ಡದಾಗಿ ಬರೆದಿಡಿ. ಹೊಸ ಯಂತ್ರದ ಪರದೆಯನ್ನು ಓದಲಾಗದ ಆ ಮೊದಲ ಹತ್ತು ನಿಮಿಷಗಳಲ್ಲಿ ನಿಮಗೆ ಬೇಕಾಗುವುದು ಆ ಕಾಗದವೇ.